ಮಾರ್ಗದರ್ಶಿ ನಾಯಿ

ಮಾರ್ಗದರ್ಶಿ ನಾಯಿ ಎಂದರೆ ದೃಷ್ಟಿಯನ್ನು ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಕಳೆದುಕೊಂಡ ವ್ಯಕ್ತಿಯು ಇನ್ನೊಬ್ಬರ ಕೈಹಿಡಿಯದೆ ಹೊರಗೆ ಓಡಾಡಲು ನೆರವಾಗುವಂತೆ ವಿಶೇಷ ತರಬೇತಿ ಪಡೆದ ನಾಯಿ. ದಾರಿಯಲ್ಲಿ ಎದುರಾಗುವ ಅಡೆತಡೆಗಳನ್ನು ತಪ್ಪಿಸಿ ನಡೆಸುವುದು, ಪಾದಚಾರಿ ಮಾರ್ಗದ ಅಂಚಿನಲ್ಲಿಯೂ ಮೆಟ್ಟಿಲುಗಳ ಬಳಿಯೂ ನಿಂತು ಸೂಚನೆ ಕೊಡುವುದು, ಅಪಾಯವಿರುವಲ್ಲಿ ಮುಂದಡಿ ಇಡದಿರುವುದು ಇದರ ಮುಖ್ಯ ಕೆಲಸಗಳು. ವ್ಯವಸ್ಥಿತ ತರಬೇತಿಯ ಮೊದಲ ಶಾಲೆ 1916ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತು. ಇಂದು ಯುರೋಪು, ಉತ್ತರ ಅಮೆರಿಕ, ಜಪಾನ್, ಆಸ್ಟ್ರೇಲಿಯ ಮೊದಲಾದೆಡೆ ಈ ನಾಯಿಗಳು ಬಳಕೆಯಲ್ಲಿವೆ.

ನಾಯಿಯು ಅಂಧರನ್ನು ಅವರು ತಲುಪಬೇಕಾದ ಸ್ಥಳಕ್ಕೆ ತಾನಾಗಿಯೇ ಕರೆದೊಯ್ಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಎಲ್ಲಿಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು, ಯಾವಾಗ ರಸ್ತೆ ದಾಟಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಮನುಷ್ಯರೇ. ಆ ದಾರಿಯಲ್ಲಿ ಅವರು ಎಡವದಂತೆ, ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದಷ್ಟೇ ನಾಯಿಯ ಪಾಲು. ಸ್ವಾವಲಂಬನೆ ಎಂಬ ಮಾತು ಇಲ್ಲಿ ಸಾರ್ಥಕವಾಗುವುದು ಈ ಹಂಚಿಕೆಯಿಂದಲೇ.

ಕೆಲಸದ ಹಂಚಿಕೆ

ನಾಯಿಯ ಎದೆ ಮತ್ತು ಬೆನ್ನನ್ನು ಬಳಸಿದ ಪಟ್ಟಿಗಳಿಗೆ ಬಾಗದ, ಗಟ್ಟಿಯಾದ ಹಿಡಿಯೊಂದನ್ನು ಜೋಡಿಸಿರುತ್ತಾರೆ. ಇದನ್ನು ಹಾರ್ನೆಸ್ ಎನ್ನುತ್ತಾರೆ. ನಾಯಿ ಸಾಮಾನ್ಯವಾಗಿ ಬಳಕೆದಾರರ ಎಡಗಡೆಯಲ್ಲಿ, ಅವರಿಗಿಂತ ಸ್ವಲ್ಪ ಮುಂದೆ ನಡೆಯುತ್ತದೆ. ಬಳಕೆದಾರರು ಎಡಗೈಯಲ್ಲಿ ಹಿಡಿಯನ್ನು ಹಿಡಿದಿರುತ್ತಾರೆ. ಬರಿಯ ಹಗ್ಗವಾದರೆ ನಾಯಿ ಎಳೆಯುತ್ತಿದೆ ಎಂಬುದಷ್ಟೇ ಗೊತ್ತಾದೀತು. ಗಟ್ಟಿ ಹಿಡಿಯಾದರೆ ನಾಯಿ ಪಕ್ಕಕ್ಕೆ ಸರಿದದ್ದು, ನಡಿಗೆ ನಿಧಾನಿಸಿದ್ದು, ಹಿಂಜರಿದದ್ದು, ನಿಂತದ್ದು ಎಲ್ಲವೂ ಅಂಗೈಗೆ ತಿಳಿಯುತ್ತದೆ. ಹಾರ್ನೆಸ್ ತೊಡಿಸಿದಾಗ ತಾನು ಕೆಲಸದಲ್ಲಿದ್ದೇನೆಂದು ನಾಯಿ ಅರಿಯುತ್ತದೆ. ಬಿಚ್ಚಿದ ಮೇಲೆ ಅದು ಮನೆಯ ಸಾಕುನಾಯಿಯಂತೆಯೇ ಆಡುತ್ತದೆ, ಉರುಳಾಡುತ್ತದೆ.

ಮನೆಯಿಂದ ಅಂಚೆ ಕಚೇರಿಗೆ ಹೊರಟವರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರಡು ಅಡ್ಡರಸ್ತೆಗಳನ್ನು ದಾಟಬೇಕು, ಮೂರನೆಯದರಲ್ಲಿ ಬಲಕ್ಕೆ ತಿರುಗಬೇಕು, ಕಚೇರಿಯ ಬಾಗಿಲು ಎಡಗಡೆ ಸಿಗುತ್ತದೆ ಎಂಬ ನಕ್ಷೆ ಅವರ ತಲೆಯಲ್ಲಿರಬೇಕು. ಅವರು ‘ಮುಂದೆ’ ಎಂದಾಗ ನಾಯಿ ನೇರವಾಗಿ ನಡೆಯುತ್ತದೆ. ನಡುವೆ ಗುಂಡಿ, ಕಂಬ, ನಿಂತ ಸೈಕಲ್ಲು ಎದುರಾದರೆ ಇಬ್ಬರೂ ಹಾಯುವಷ್ಟು ಜಾಗ ನೋಡಿ ಬಳಸಿಕೊಂಡು ಮತ್ತೆ ನೇರ ದಾರಿಗೆ ಬರುತ್ತದೆ. ಅಡ್ಡರಸ್ತೆ ಸಿಕ್ಕೊಡನೆ ಅಂಚಿನಲ್ಲಿ ನಿಲ್ಲುತ್ತದೆ. ನಾಯಿ ನಿಂತುದರಿಂದ, ಕಾಲಿಗೆ ಅಂಚು ತಾಕಿದುದರಿಂದ ಒಂದು ರಸ್ತೆ ಮುಗಿಯಿತೆಂದು ವ್ಯಕ್ತಿ ಲೆಕ್ಕ ಹಾಕುತ್ತಾರೆ. ಬಲಕ್ಕೆ ತಿರುಗುವ ಆಜ್ಞೆಯನ್ನು ಅವರೇ ಕೊಡಬೇಕು. ದಿನನಿತ್ಯ ಹೋಗುವ ದಾರಿಯನ್ನು ನಾಯಿ ಅಭ್ಯಾಸಬಲದಿಂದ ನೆನಪಿಟ್ಟುಕೊಳ್ಳುವುದುಂಟು. ಹೊಸ ಊರಿನಲ್ಲಿ ಮಾತ್ರ ದಾರಿ ಹುಡುಕುವ ಹೊಣೆ ಪೂರ್ತಿಯಾಗಿ ಮನುಷ್ಯರದೇ.

ರಸ್ತೆ ದಾಟುವ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. ಸಂಚಾರ ದೀಪದ ಬಣ್ಣ ನೋಡಿ ನಾಯಿ ದಾಟಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಾಯಿಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದಿಲ್ಲ. ದೀಪದ ಅರ್ಥವನ್ನು ಅದಕ್ಕೆ ಕಲಿಸುವುದೂ ಇಲ್ಲ. ಬಳಕೆದಾರರು ಕಿವಿಯಿಂದಲೇ ಸಂಚಾರವನ್ನು ಅಳೆಯುತ್ತಾರೆ. ತಮ್ಮ ಪಕ್ಕದಲ್ಲಿ, ತಾವು ಹೋಗಬೇಕಾದ ದಿಕ್ಕಿನಲ್ಲಿಯೇ ವಾಹನಗಳು ಒಮ್ಮೆಲೇ ಹೊರಟ ಸದ್ದು ಕೇಳಿದರೆ, ಅಡ್ಡಲಾಗಿ ಬರುವ ವಾಹನಗಳು ನಿಂತಿವೆ ಎಂದು ಅರ್ಥ. ಆಗ ಅವರು ‘ಮುಂದೆ’ ಎನ್ನುತ್ತಾರೆ. ಸದ್ದಿಲ್ಲದೆ ಚಲಿಸುವ ವಿದ್ಯುತ್ ವಾಹನಗಳು ಬಂದ ಮೇಲೆ ಈ ಲೆಕ್ಕಾಚಾರ ಕಷ್ಟವಾಗಿದೆ. ನಿಧಾನವಾಗಿ ಹೋಗುವಾಗ ಇಂಥ ವಾಹನಗಳು ಕೃತಕ ಸದ್ದು ಮಾಡಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟವೂ ಅಮೆರಿಕವೂ ತಂದಿರುವುದಕ್ಕೆ ಅಂಧರ ಸಂಘಟನೆಗಳ ಒತ್ತಾಯವೂ ಒಂದು ಕಾರಣ.

ವಿವೇಕಪೂರ್ಣ ಅವಿಧೇಯತೆ

ಸಾಮಾನ್ಯ ನಾಯಿಗೆ ಕಲಿಸುವುದು ಆಜ್ಞಾಪಾಲನೆಯನ್ನು. ಮಾರ್ಗದರ್ಶಿ ನಾಯಿಗೆ ಅದರ ಮೇಲೆ ಇನ್ನೊಂದು ಪಾಠವಿದೆ: ಆಜ್ಞೆ ಅಪಾಯಕಾರಿಯಾಗಿದ್ದರೆ ಅದನ್ನು ಮೀರುವುದು. ತಜ್ಞರು ಇದನ್ನು ವಿವೇಕಪೂರ್ಣ ಅವಿಧೇಯತೆ ಎನ್ನುತ್ತಾರೆ. ವ್ಯಕ್ತಿ ‘ಮುಂದೆ’ ಎಂದರೂ ಎದುರಿಗೆ ತೆರೆದ ಚರಂಡಿಯಿದ್ದರೆ, ರೈಲು ನಿಲ್ದಾಣದ ಕಟ್ಟೆ ಅಲ್ಲಿಗೆ ಮುಗಿದಿದ್ದರೆ, ತಿರುವಿನಲ್ಲಿ ಕಾರೊಂದು ನುಗ್ಗಿ ಬರುತ್ತಿದ್ದರೆ ನಾಯಿ ಕದಲುವುದಿಲ್ಲ. ಕೆಲವೊಮ್ಮೆ ವ್ಯಕ್ತಿಯ ಕಾಲಿಗೆ ಅಡ್ಡವಾಗಿ ನಿಂತುಬಿಡುತ್ತದೆ. ಇದನ್ನು ಕಲಿಸಲು ಶಾಲೆಗಳಲ್ಲಿ ಸಿಬ್ಬಂದಿಯೊಬ್ಬರು ಬೇಕೆಂದೇ ವಾಹನವನ್ನು ಅಡ್ಡ ತರುತ್ತಾರೆ. ನಿಂತ ನಾಯಿಗೆ, ಹಿಂದೆ ಸರಿದ ನಾಯಿಗೆ ಮೆಚ್ಚುಗೆ ಸಿಗುತ್ತದೆ.

ಅದೇ ರೀತಿ ತನ್ನ ತಲೆಗೆ ತಾಗದ, ಆದರೆ ಮನುಷ್ಯರ ಹಣೆಗೆ ಬಡಿಯಬಹುದಾದ ಮರದ ಕೊಂಬೆ, ಅಂಗಡಿಯ ಮುಂಚಾಚು, ಲಾರಿಯ ಹಿಂದೆ ಚಾಚಿಕೊಂಡ ಸರಕು ಇವುಗಳನ್ನು ಗಮನಿಸಲು ಕಲಿಸಲಾಗುತ್ತದೆ. ತನಗೆ ಸಲೀಸಾಗಿರುವ ದಾರಿಯನ್ನು ಇನ್ನೊಬ್ಬರ ಎತ್ತರ, ಅಗಲಗಳ ಲೆಕ್ಕದಲ್ಲಿ ಬಿಟ್ಟುಕೊಡುವುದು ಪ್ರಾಣಿಗೆ ಸಹಜವಲ್ಲ. ತರಬೇತಿಯಲ್ಲಿ ಇದು ಕಠಿಣ ಭಾಗಗಳಲ್ಲೊಂದು. ಎಷ್ಟೇ ಕಲಿತರೂ ನಾಯಿ ತಪ್ಪುವುದುಂಟು. ಬಿದ್ದ ತಿಂಡಿ, ಎದುರಾದ ಇನ್ನೊಂದು ನಾಯಿ, ಓಡುವ ಅಳಿಲು ಇವು ಅದರ ಚಿತ್ತವನ್ನು ಸೆಳೆಯಬಲ್ಲವು. ಆದ್ದರಿಂದ ಬಳಕೆದಾರರು ಸದಾ ಎಚ್ಚರದಲ್ಲಿರಬೇಕಾಗುತ್ತದೆ.

ಬಿಳಿ ಕೋಲಿನೊಂದಿಗೆ ಹೋಲಿಕೆ

ಉದ್ದನೆಯ ಬಿಳಿ ಕೋಲನ್ನು ಎಡಬಲಕ್ಕೆ ಬೀಸುತ್ತ ನಡೆಯುವ ಪದ್ಧತಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ರೂಪಿಸಿದರು. ಕೋಲು ಅಗ್ಗ, ಅದಕ್ಕೆ ಆಹಾರ ಬೇಡ, ಕಾಯಿಲೆಯಿಲ್ಲ. ಆದರೆ ಅದು ನೆಲವನ್ನು ಮಾತ್ರ ತಿಳಿಸುತ್ತದೆ. ಮುಖದ ಮಟ್ಟದ ಅಡ್ಡಿಯನ್ನು ತಿಳಿಸುವುದಿಲ್ಲ.

ಇವೆರಡರ ನಡುವಿನ ಮೂಲಭೂತ ವ್ಯತ್ಯಾಸ ಬೇರೆಯೇ ಇದೆ. ಕೋಲು ವಸ್ತುವಿಗೆ ತಾಗಿ ಅದರ ಇರವನ್ನು ತಿಳಿಸುತ್ತದೆ. ನಾಯಿ ವಸ್ತುವಿಗೆ ತಾಗದಂತೆ ಕರೆದೊಯ್ಯುತ್ತದೆ. ಕೋಲು ಹಿಡಿದವರಿಗೆ ದಾರಿಯ ಕಂಬ, ಅಂಚೆ ಡಬ್ಬಿ, ಕಸದ ತೊಟ್ಟಿ ಎಲ್ಲವೂ ಗುರುತುಗಳು. ನಾಯಿಯೊಡನೆ ನಡೆಯುವವರು ಅವನ್ನೆಲ್ಲ ಅರಿವಿಲ್ಲದೆಯೇ ದಾಟಿಹೋಗುತ್ತಾರೆ. ನಡಿಗೆ ಚುರುಕಾಗುತ್ತದೆ, ಜನಸಂದಣಿಯಲ್ಲಿ ಆಯಾಸ ಕಡಿಮೆಯಾಗುತ್ತದೆ. ಆದರೆ ಪರಿಚಿತ ಗುರುತುಗಳು ಕೈಬಿಡುತ್ತವೆ. ಕೋಲಿನಿಂದ ನಾಯಿಗೆ ಬದಲಾದವರು ಮೊದಲ ತಿಂಗಳುಗಳಲ್ಲಿ ಕಷ್ಟಪಡುವುದು ಇದರಿಂದಲೇ. ಕೋಲಿನ ಚಲನ ಕೌಶಲ್ಯವನ್ನು ಚೆನ್ನಾಗಿ ಕಲಿತವರಿಗೇ ನಾಯಿಯನ್ನು ಕೊಡುವ ಪದ್ಧತಿ ಬಹುತೇಕ ಶಾಲೆಗಳಲ್ಲಿದೆ. ನಾಯಿ ಪಡೆಯುವ ದೇಶಗಳಲ್ಲಿಯೂ ಅಂಧರಲ್ಲಿ ಬಹುಪಾಲು ಮಂದಿ ಕೋಲನ್ನೇ ಆರಿಸಿಕೊಳ್ಳುತ್ತಾರೆ.

ಇತಿಹಾಸ

ಅಂಧರನ್ನು ನಾಯಿ ನಡೆಸುವ ಚಿತ್ರಣ ಪ್ರಾಚೀನವಾದುದು. ರೋಮನ್ ಕಾಲದ ಹರ್ಕ್ಯುಲೇನಿಯಮ್ ನಗರದ ಗೋಡೆಚಿತ್ರವೊಂದರಲ್ಲಿಯೇ ಇದರ ಸುಳಿವಿದೆ. ವಿಯೆನ್ನಾದಲ್ಲಿ ಅಂಧರ ಶಾಲೆ ನಡೆಸಿದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ 1819ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಯಿಗೆ ಗಟ್ಟಿ ಕಡ್ಡಿಯನ್ನು ಜೋಡಿಸಿ ಹಿಡಿದು ನಡೆಯುವ ವಿಧಾನವನ್ನು ವಿವರಿಸಿದ್ದರು. ಅದು ಆಚರಣೆಗೆ ಬರಲು ನೂರು ವರ್ಷಗಳೇ ಬೇಕಾದವು.

ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದಲೂ ಗಾಯಗಳಿಂದಲೂ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡರು. ಜರ್ಮನ್ ವೈದ್ಯ ಗೆರ್ಹಾರ್ಡ್ ಸ್ಟಾಲಿಂಗ್ ಅಂಥವರಿಗಾಗಿ 1916ರ ಆಗಸ್ಟ್‌ನಲ್ಲಿ ಓಲ್ಡನ್‌ಬರ್ಗ್‌ನಲ್ಲಿ ಶಾಲೆ ತೆರೆದರು. ಆಸ್ಪತ್ರೆಯ ಅಂಗಳದಲ್ಲಿ ರೋಗಿಯೊಬ್ಬನ ಬಳಿ ತಮ್ಮ ನಾಯಿಯನ್ನು ಬಿಟ್ಟು ಹೋಗಿದ್ದ ಅವರು, ಮರಳಿ ಬಂದಾಗ ನಾಯಿ ಆತನನ್ನು ಕಾಯುತ್ತಿದ್ದ ರೀತಿ ಕಂಡು ಈ ಯೋಚನೆ ಮಾಡಿದರೆಂಬ ಕಥೆ ಪ್ರಚಲಿತವಾಗಿದೆ. ಆ ಶಾಲೆ ಹತ್ತು ವರ್ಷ ನಡೆದು ಮುಚ್ಚಿತು. ಅಷ್ಟರಲ್ಲಿ, 1923ರಲ್ಲಿ, ಬರ್ಲಿನ್ ಸಮೀಪದ ಪಾಟ್ಸ್‌ಡ್ಯಾಮ್‌ನಲ್ಲಿ ಇನ್ನೊಂದು ಕೇಂದ್ರ ಆರಂಭವಾಗಿತ್ತು.

ಮಾರಿಸ್ ಫ್ರಾಂಕ್ ಮತ್ತು ಬಡ್ಡಿ

ಸ್ವಿಟ್ಜರ್‌ಲೆಂಡಿನಲ್ಲಿ ಜರ್ಮನ್ ಶೆಫರ್ಡ್ ನಾಯಿಗಳನ್ನು ಬೆಳೆಸುತ್ತಿದ್ದ ಅಮೆರಿಕನ್ ಮಹಿಳೆ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಪಾಟ್ಸ್‌ಡ್ಯಾಮ್ ಕೇಂದ್ರವನ್ನು ಕಂಡು ಬೆರಗಾದರು. ಆ ಕುರಿತು ಅವರು ಬರೆದ ‘ದಿ ಸೀಯಿಂಗ್ ಐ’ ಎಂಬ ಲೇಖನ 1927ರ ನವೆಂಬರ್ 5ರ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ ಮಾರಿಸ್ ಫ್ರಾಂಕ್ ಎಂಬ ಯುವಕನಿಗೆ ಅವರ ತಂದೆ ಈ ಲೇಖನವನ್ನು ಓದಿ ಹೇಳಿದರು. ಫ್ರಾಂಕ್ 6ನೆಯ ವಯಸ್ಸಿನಲ್ಲಿ ಕುದುರೆ ಸವಾರಿ ಮಾಡುವಾಗ ಕೊಂಬೆ ಬಡಿದು ಒಂದು ಕಣ್ಣನ್ನೂ, 16ನೆಯ ವಯಸ್ಸಿನಲ್ಲಿ ಮುಷ್ಟಿಯುದ್ಧದ ಪೆಟ್ಟಿನಿಂದ ಇನ್ನೊಂದನ್ನೂ ಕಳೆದುಕೊಂಡಿದ್ದರು. ವಿಮೆ ಮಾರಿ ದುಡಿಯುತ್ತಿದ್ದ ಅವರಿಗೆ ಬುದ್ಧಿಗಾಗಲಿ ಮಾತಿಗಾಗಲಿ ಕೊರತೆಯಿರಲಿಲ್ಲ. ಕೈಹಿಡಿದು ಕರೆದೊಯ್ಯಲು ಕೂಲಿಗಿಟ್ಟ ಹುಡುಗ ಬೇಸರಗೊಂಡಾಗ ದಿನದ ಕೆಲಸವೇ ನಿಲ್ಲುತ್ತಿತ್ತು. ತನಗೊಂದು ನಾಯಿ ದೊರೆತರೆ ಅಮೆರಿಕದ ಇತರ ಅಂಧರಿಗೂ ಇದನ್ನು ತಲುಪಿಸುವೆನೆಂದು ಅವರು ಯೂಸ್ಟಿಸ್‌ಗೆ ಪತ್ರ ಬರೆದರು.

1928ರಲ್ಲಿ ಫ್ರಾಂಕ್ ಹಡಗಿನಲ್ಲಿ ಯುರೋಪಿಗೆ ಹೊರಟಾಗ, ಒಂಟಿ ಅಂಧನೆಂಬ ಕಾರಣಕ್ಕೆ ಅವರನ್ನು ಪ್ರಯಾಣಿಕನಂತಲ್ಲದೆ ಸಾಗಣೆಯ ಪಾರ್ಸೆಲ್ಲಿನಂತೆ ನೋಡಿಕೊಳ್ಳಲಾಯಿತು. ಹಡಗಿನ ಸಿಬ್ಬಂದಿ ಊಟಕ್ಕೆ ಕರೆದೊಯ್ದು, ಗಾಳಿಗೆ ನಡೆಸಿ, ಮತ್ತೆ ಕೋಣೆಯಲ್ಲಿ ಬೀಗ ಹಾಕುತ್ತಿದ್ದರೆಂದು ಅವರು ಅನಂತರ ಬರೆದಿದ್ದಾರೆ. ಸ್ವಿಟ್ಜರ್‌ಲೆಂಡಿನ ವೆವೆ ಪಟ್ಟಣದ ಮೇಲಿನ ಬೆಟ್ಟದಲ್ಲಿದ್ದ ಕೇಂದ್ರದಲ್ಲಿ ಅವರಿಗೆ ದೊರೆತ ಹೆಣ್ಣು ನಾಯಿಯ ಹೆಸರು ‘ಕಿಸ್’. ಬೀದಿಯಲ್ಲಿ ಹಾಗೆಂದು ಕೂಗಲು ನಾಚಿ, ಗೆಳೆಯ ಎಂಬರ್ಥದ ‘ಬಡ್ಡಿ’ ಎಂದು ಅವರು ಅದರ ಹೆಸರನ್ನು ಬದಲಿಸಿದರು. ಇಂಗ್ಲಿಷಿನ ಈ ಸಲುಗೆಯ ಮಾತಿಗೂ ಸಾಲಗಾರರನ್ನು ಕಾಡುವ ಕನ್ನಡದ ಬಡ್ಡಿಗೂ ಸಂಬಂಧವಿಲ್ಲ. ಮರಳುವ ಹಡಗಿನಲ್ಲಿ ಫ್ರಾಂಕ್ ಬಡ್ಡಿಯೊಡನೆ ತಮಗೆ ಬೇಕಾದಲ್ಲಿ ಓಡಾಡಿದರು.

ಆ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಪತ್ರಕರ್ತರು ಅವರನ್ನು ಸುತ್ತುವರಿದು, ಬಂದರಿನ ಬದಿಯ ಅತಿ ಅಗಲವಾದ, ಲಾರಿಗಳು ನುಗ್ಗುತ್ತಿದ್ದ ವೆಸ್ಟ್ ಸ್ಟ್ರೀಟ್ ಅನ್ನು ದಾಟಿ ತೋರಿಸುವಂತೆ ಸವಾಲು ಹಾಕಿದರು. ಆ ಗದ್ದಲದಲ್ಲಿ ತಮಗೆ ದಿಕ್ಕೇ ತಪ್ಪಿ, ಪೂರ್ತಿಯಾಗಿ ನಾಯಿಗೆ ಒಪ್ಪಿಸಿಕೊಂಡೆನೆಂದು ಫ್ರಾಂಕ್ ಹೇಳಿಕೊಂಡಿದ್ದಾರೆ. ಬಡ್ಡಿ ನಿಂತು, ಹಿಂದೆ ಸರಿದು, ಮುಂದೆ ಸಾಗಿ ಅವರನ್ನು ಆಚೆ ಬದಿಗೆ ಸೇರಿಸಿತು. ಯೂಸ್ಟಿಸ್‌ಗೆ ಅವರು ಕಳುಹಿಸಿದ ತಂತಿಯಲ್ಲಿ ಇದ್ದುದು ಒಂದೇ ಪದ: ಯಶಸ್ಸು.

1929ರ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ ‘ದಿ ಸೀಯಿಂಗ್ ಐ’ ಸಂಸ್ಥೆ ಸ್ಥಾಪನೆಯಾಯಿತು. ಅನಂತರ ನ್ಯೂಜೆರ್ಸಿ ರಾಜ್ಯಕ್ಕೆ ಸ್ಥಳಾಂತರಗೊಂಡು ಇಂದು ಮಾರಿಸ್‌ಟೌನ್‌ನಲ್ಲಿದೆ. ನಾಯಿಯೊಂದನ್ನು ಸಿದ್ಧಪಡಿಸಲು ಅಪಾರ ವೆಚ್ಚವಾದರೂ ಈ ಸಂಸ್ಥೆ ದಶಕಗಳ ಕಾಲ ಮೊದಲ ನಾಯಿಗೆ 150 ಡಾಲರ್, ಅನಂತರದ್ದಕ್ಕೆ 50 ಡಾಲರ್ ಮಾತ್ರ ಪಡೆಯುತ್ತ ಬಂದಿದೆ. ದಾನವೆಂದು ಕೊಡದೆ ಅಲ್ಪ ಬೆಲೆಗೆ ಕೊಡುವುದರ ಹಿಂದೆ, ಪಡೆಯುವವರ ಆತ್ಮಗೌರವವನ್ನು ಉಳಿಸುವ ಉದ್ದೇಶವಿದೆ. ಬಡ್ಡಿ 1938ರಲ್ಲಿ ತೀರಿಕೊಂಡಿತು. ತಮ್ಮ ಮುಂದಿನ ನಾಯಿಗಳಿಗೂ ಫ್ರಾಂಕ್ ಅದೇ ಹೆಸರನ್ನಿಟ್ಟರು.

ಬ್ರಿಟನ್ನಿನಲ್ಲಿ ಮ್ಯೂರಿಯಲ್ ಕ್ರುಕ್ ಮತ್ತು ರೋಸಮಂಡ್ ಬಾಂಡ್ ಎಂಬ ಮಹಿಳೆಯರ ಪ್ರಯತ್ನದಿಂದ 1931ರಲ್ಲಿ ವಾಲೆಸಿ ಪಟ್ಟಣದಲ್ಲಿ ಮೊದಲ ನಾಲ್ಕು ನಾಯಿಗಳು ಸಿದ್ಧವಾದವು. 1989ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾರ್ಗದರ್ಶಿ ನಾಯಿಗಳ ಒಕ್ಕೂಟ ಇಂದು ಸದಸ್ಯ ಶಾಲೆಗಳ ಗುಣಮಟ್ಟವನ್ನು ನಿಗದಿಪಡಿಸುತ್ತದೆ. ಏಪ್ರಿಲ್ ತಿಂಗಳ ಕೊನೆಯ ಬುಧವಾರವನ್ನು ಮಾರ್ಗದರ್ಶಿ ನಾಯಿಗಳ ದಿನವಾಗಿ ಆಚರಿಸುತ್ತಾರೆ.

ಆಯ್ಕೆ ಮತ್ತು ತರಬೇತಿ

ಆರಂಭದ ನಾಯಿಗಳು ಜರ್ಮನ್ ಶೆಫರ್ಡ್ ಜಾತಿಯವು. ಈಗ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಹಾಗೂ ಇವೆರಡರ ಮಿಶ್ರತಳಿ ಹೆಚ್ಚು ಬಳಕೆಯಲ್ಲಿವೆ. ಶಾಂತ ಸ್ವಭಾವ, ಸದ್ದುಗದ್ದಲಕ್ಕೆ ಬೆದರದ ಗುಣ, ಮನುಷ್ಯರೊಡನೆ ದುಡಿಯುವ ಆಸಕ್ತಿ ಇವು ಮುಖ್ಯ ಅರ್ಹತೆಗಳು. ಓಡುವ ಬೇಟೆಯನ್ನು ಕಂಡೊಡನೆ ಬೆನ್ನಟ್ಟುವಂತೆ ತಲೆಮಾರುಗಳಿಂದ ಬೆಳೆಸಿದ ನಮ್ಮ ಮುಧೋಳ ನಾಯಿಯಂಥ ತಳಿಗಳ ಗುಣ ಇದಕ್ಕೆ ತೀರ ವಿರುದ್ಧವಾದುದು.

ಸುಮಾರು ಎಂಟು ವಾರಗಳ ಮರಿಯನ್ನು ಸ್ವಯಂಸೇವಕ ಕುಟುಂಬವೊಂದಕ್ಕೆ ಒಪ್ಪಿಸಲಾಗುತ್ತದೆ. ಅವರು ಒಂದು ವರ್ಷಕ್ಕೂ ಮಿಕ್ಕಿ ಅದನ್ನು ಸಾಕಿ, ಬಸ್ಸು, ಮಾರುಕಟ್ಟೆ, ಮಕ್ಕಳ ಗಲಾಟೆ, ಎತ್ತುವ ಯಂತ್ರ ಮೊದಲಾದವುಗಳ ಪರಿಚಯ ಮಾಡಿಸುತ್ತಾರೆ. ಮನೆಯ ಮಗುವಿನಂತೆ ಬೆಳೆಸಿದ ನಾಯಿಯನ್ನು ಹಿಂದಿರುಗಿಸುವುದು ಈ ಕುಟುಂಬಗಳಿಗೆ ಸುಲಭವಲ್ಲ. ಬಳಿಕ ಶಾಲೆಯಲ್ಲಿ ಹಲವು ತಿಂಗಳ ತರಬೇತಿ. ಕೊನೆಗೆ ತರಬೇತುದಾರರು ತಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಾಯಿಯೊಡನೆ ನಿಜವಾದ ಬೀದಿಗಳಲ್ಲಿ ನಡೆದು ಪರೀಕ್ಷಿಸುತ್ತಾರೆ. ತೇರ್ಗಡೆಯಾಗದ ನಾಯಿಗಳೂ ಅನೇಕ. ಅವು ಸಾಕುನಾಯಿಗಳಾಗಿಯೋ ಬೇರೆ ಬಗೆಯ ಸೇವಾನಾಯಿಗಳಾಗಿಯೋ ಬದುಕುತ್ತವೆ.

ಜಪಾನಿನಲ್ಲಿ ನಾಯಿಗಳಿಗೆ ಇಂಗ್ಲಿಷಿನಲ್ಲಿ ಆಜ್ಞೆ ಕೊಡುವ ರೂಢಿಯಿದೆ. ಜಪಾನಿ ಮಾತು ಪ್ರದೇಶದಿಂದ ಪ್ರದೇಶಕ್ಕೆ, ಗಂಡಸರಿಂದ ಹೆಂಗಸರಿಗೆ ಬದಲಾಗುವುದರಿಂದ ನಾಯಿಗೆ ಗೊಂದಲವಾಗದಿರಲೆಂದು ಈ ಏರ್ಪಾಡು.

ವ್ಯಕ್ತಿಯ ನಡಿಗೆಯ ವೇಗ, ಎತ್ತರ, ದೇಹಬಲ, ಉದ್ಯೋಗ, ವಾಸದ ಊರು ಇವನ್ನೆಲ್ಲ ನೋಡಿ ತಕ್ಕ ನಾಯಿಯನ್ನು ಆರಿಸುತ್ತಾರೆ. ಇಬ್ಬರೂ ಎರಡು ಮೂರು ವಾರಗಳಷ್ಟು ಕಾಲ ಜೊತೆಯಾಗಿ ಅಭ್ಯಾಸ ಮಾಡಿದ ಮೇಲೆ ಮನೆಗೆ ಹೋಗುತ್ತಾರೆ. ಪರಸ್ಪರ ನಂಬಿಕೆ ಗಟ್ಟಿಯಾಗಲು ಅನಂತರವೂ ತಿಂಗಳುಗಳೇ ಹಿಡಿಯುತ್ತವೆ.

ಜೊತೆಬಾಳು ಮತ್ತು ನಿವೃತ್ತಿ

ಆಹಾರ, ಸ್ನಾನ, ಕೂದಲು ಬಾಚುವುದು, ಪಶುವೈದ್ಯರ ಭೇಟಿ, ನಾಯಿಯ ಮಲವನ್ನು ಎತ್ತಿ ಶುಚಿಗೊಳಿಸುವುದು ಎಲ್ಲವೂ ಬಳಕೆದಾರರದೇ ಹೊಣೆ. ಬೇಸಿಗೆಯಲ್ಲಿ ಕಾದ ಡಾಂಬರು ಪಂಜಗಳನ್ನು ಸುಡುತ್ತದೆ. ಹೊರಡುವ ಮುನ್ನ ನೆಲವನ್ನು ಕೈಯಿಂದ ಮುಟ್ಟಿ ನೋಡಬೇಕಾಗುತ್ತದೆ. ಇನ್ನೊಂದು ಜೀವದ ಹೊಣೆ ಹೊರುವುದು ಕೆಲವರಿಗೆ ಭಾರ. ಸದಾ ಇತರರ ಆರೈಕೆಯಲ್ಲಿಯೇ ಇದ್ದವರಿಗೆ ಆರೈಕೆ ಮಾಡುವವರಾಗುವುದು ಒಂದು ಹೊಸ ಸ್ಥಾನವೂ ಹೌದು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದ 78ನೆಯ ಮಹಡಿಯಲ್ಲಿದ್ದ ಮೈಕೆಲ್ ಹಿಂಗ್ಸನ್ ತಮ್ಮ ನಾಯಿ ರೋಸೆಲ್‌ಳೊಡನೆ 1,463 ಮೆಟ್ಟಿಲುಗಳನ್ನು ಇಳಿದು ಪಾರಾದರು. ನಾಯಿ ಅಂಧನನ್ನು ಉಳಿಸಿತೆಂದು ಲೋಕ ಕೊಂಡಾಡಿತು. ಕಟ್ಟಡದ ತುರ್ತು ದಾರಿಗಳನ್ನು ಮೊದಲೇ ಕಲಿತಿದ್ದವರು ತಾವು, ದಿಕ್ಕು ಹೇಳಿದವರು ತಾವು, ಹೊಗೆ ಗದ್ದಲಗಳ ನಡುವೆ ಬೆದರದೆ ತನ್ನ ಕೆಲಸ ಮಾಡಿದ್ದು ರೋಸೆಲ್ ಎಂಬುದು ಹಿಂಗ್ಸನ್ ಅವರ ವಿವರಣೆ.

ನಾಯಿ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷದ ವಯಸ್ಸಿನ ಹೊತ್ತಿಗೆ ನಿವೃತ್ತಿಯಾಗುತ್ತದೆ. ಅದನ್ನು ಬಳಕೆದಾರರೇ ಸಾಕುನಾಯಿಯಾಗಿ ಉಳಿಸಿಕೊಳ್ಳಬಹುದು. ಇಲ್ಲವೇ ಬಂಧುಗಳೋ, ಮರಿಯಾಗಿದ್ದಾಗ ಬೆಳೆಸಿದ ಕುಟುಂಬವೋ ಸ್ವೀಕರಿಸುತ್ತದೆ. ಹೊಸ ನಾಯಿ ಬರುವವರೆಗೆ ಬಳಕೆದಾರರು ಮತ್ತೆ ಕೋಲು ಹಿಡಿಯಬೇಕಾಗುತ್ತದೆ. ಒಬ್ಬರು ತಮ್ಮ ಆಯುಷ್ಯದಲ್ಲಿ ಹಲವು ನಾಯಿಗಳೊಡನೆ ಬಾಳುವುದು, ಪ್ರತಿ ಬಾರಿಯೂ ಅಗಲಿಕೆಯನ್ನು ಎದುರಿಸುವುದು ಈ ಬದುಕಿನ ಅನಿವಾರ್ಯ ಭಾಗ.

ಪ್ರವೇಶದ ಹಕ್ಕು

ನಾಯಿ ಬೀದಿಯನ್ನು ದಾಟಿಸಬಲ್ಲುದು; ಮುಚ್ಚಿದ ಬಾಗಿಲನ್ನು ದಾಟಿಸಲಾರದು. ಹೋಟೆಲು, ರೈಲು, ಕಚೇರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲವೆಂದರೆ ಅದರೊಡನೆ ಬಂದವರಿಗೂ ಪ್ರವೇಶವಿಲ್ಲವೆಂದೇ ಅರ್ಥ. ಫ್ರಾಂಕ್ ತಮ್ಮ ಬಾಳಿನ ಬಹುಭಾಗವನ್ನು ಕಳೆದದ್ದು ಈ ಹೋರಾಟದಲ್ಲಿಯೇ. 1956ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳೂ ಸಾರ್ವಜನಿಕ ಸ್ಥಳಗಳಲ್ಲಿ ಮಾರ್ಗದರ್ಶಿ ನಾಯಿಗೆ ಅವಕಾಶ ಕೊಡುವ ಕಾನೂನು ಮಾಡಿದ್ದವು. ಅಲ್ಲಿನ 1990ರ ಅಂಗವಿಕಲರ ಕಾಯಿದೆ, ಬ್ರಿಟನ್ನಿನ 2010ರ ಸಮಾನತಾ ಕಾಯಿದೆ, ಜಪಾನಿನ 2002ರ ಸಹಾಯಕ ನಾಯಿಗಳ ಕಾಯಿದೆ ಈ ಹಕ್ಕನ್ನು ರಕ್ಷಿಸುತ್ತವೆ. ಬ್ರಿಟನ್ನಿನಲ್ಲಿ ಟ್ಯಾಕ್ಸಿ ಚಾಲಕರು ಇಂಥ ನಾಯಿಯನ್ನು ಹೆಚ್ಚುವರಿ ಹಣ ಕೇಳದೆ ಕರೆದೊಯ್ಯಬೇಕು. ಕಾನೂನಿದ್ದರೂ ಬಾಗಿಲಲ್ಲಿ ತಡೆಯುವ ಪ್ರಸಂಗಗಳು ನಿಂತಿಲ್ಲ.

ಹಾರ್ನೆಸ್ ತೊಟ್ಟ ನಾಯಿಯನ್ನು ಕಂಡಾಗ ಅದನ್ನು ಮುಟ್ಟುವುದು, ಕರೆಯುವುದು, ತಿಂಡಿ ಕೊಡುವುದು ಸಲ್ಲದು. ಅರೆಕ್ಷಣದ ಚಿತ್ತಚಾಂಚಲ್ಯ ಅಪಘಾತಕ್ಕೆ ದಾರಿಯಾಗಬಹುದು. ನೆರವು ಬೇಕೇ ಎಂದು ವ್ಯಕ್ತಿಯನ್ನೇ ಕೇಳಬೇಕು. ಹಾರ್ನೆಸ್ಸನ್ನಾಗಲಿ ಅವರ ತೋಳನ್ನಾಗಲಿ ಹಿಡಿದೆಳೆಯಬಾರದು.

ಭಾರತದಲ್ಲಿ

ಭಾರತದಲ್ಲಿ ಮಾರ್ಗದರ್ಶಿ ನಾಯಿಗಳ ಬಳಕೆ ಬಹಳ ವಿರಳ. ಒಡೆದ ಅಥವಾ ಇಲ್ಲವೇ ಇಲ್ಲದ ಪಾದಚಾರಿ ಮಾರ್ಗಗಳು, ಅವುಗಳ ಮೇಲೆ ನಿಲ್ಲಿಸಿದ ವಾಹನಗಳು, ಪಥಶಿಸ್ತಿಲ್ಲದ ಸಂಚಾರ ಇವು ನಾಯಿಯ ಕೆಲಸವನ್ನು ಕಠಿಣಗೊಳಿಸುತ್ತವೆ. ಅಂಚಿನಲ್ಲಿ ನಿಲ್ಲಲು ಕಲಿತ ನಾಯಿಗೆ ಅಂಚೇ ಇಲ್ಲದ ಬೀದಿಯಲ್ಲಿ ಸೂಚನೆ ಕೊಡಲು ಏನೂ ಉಳಿಯುವುದಿಲ್ಲ. ಗುಂಪುಗುಂಪಾಗಿ ತಿರುಗುವ ಬೀದಿನಾಯಿಗಳು ಹೊಸ ನಾಯಿಯನ್ನು ಕಂಡೊಡನೆ ಸುತ್ತುವರಿಯುವುದು ಇನ್ನೊಂದು ತೊಡಕು. ಬಸ್ಸು, ಹೋಟೆಲು, ದೇವಾಲಯಗಳಲ್ಲಿ ನಾಯಿಯನ್ನು ಒಳಬಿಡುವ ರೂಢಿಯೂ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಕಟ್ಟಡಗಳೂ ಸಾರಿಗೆಯೂ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ. ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣಗಳಲ್ಲಿರುವ ಉಬ್ಬುಗೆರೆಯ ಹಾಸುಗಳು ಕೋಲು ಹಿಡಿದವರಿಗೆ ದಾರಿ ತೋರುತ್ತವೆ. ನಿಲ್ದಾಣದ ಹೊರಗಿನ ರಸ್ತೆಗೆ ಆ ಸೌಕರ್ಯ ಬಹುತೇಕ ತಲುಪಿಲ್ಲ.

ಹೀಗಾಗಿ ಇಲ್ಲಿನ ಪ್ರಯತ್ನಗಳು ಹೆಚ್ಚಾಗಿ ಕೋಲಿನ ಸುಧಾರಣೆಯತ್ತ ಸಾಗಿವೆ. ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ‘ಸ್ಮಾರ್ಟ್‌ಕೇನ್’ ಇವುಗಳಲ್ಲಿ ಪ್ರಮುಖವಾದುದು. ಸಾಮಾನ್ಯ ಬಿಳಿ ಕೋಲಿಗೆ ಜೋಡಿಸುವ ಈ ಸಾಧನ ಶ್ರವಣಾತೀತ ತರಂಗಗಳ ಮೂಲಕ ಮೊಣಕಾಲಿನಿಂದ ತಲೆಯ ಮಟ್ಟದವರೆಗಿನ ಅಡ್ಡಿಗಳನ್ನು ಗುರುತಿಸಿ, ಹಿಡಿಯ ಕಂಪನದಿಂದ ಎಚ್ಚರಿಸುತ್ತದೆ.